ಕಾಗೆ, ಕೊಂಬೆ ಮತ್ತು ಜ್ಯೂರಿಕ್ ಸರೋವರ

ಸ್ವಿಟ್ಜರ್ಲೆಂಡಿನ ಹೆಸರೆತ್ತಿದೊಡನೆ ಹಿಮಶಿಖರಗಳೂ ಕೈಗಡಿಯಾರಗಳೂ ಕೊರಳಿಗೆ ಗಂಟೆ ಕಟ್ಟಿಕೊಂಡು ಮೇಯುವ ಹಸುಗಳೂ ಕಣ್ಣ ಮುಂದೆ ಬರುವುದು ಸಹಜ. ಅವುಗಳಿಗಾಗಿಯೇ ಅಲ್ಲಿಗೆ ಹೋಗುವವರು ದಕ್ಷಿಣದ ಬೆಟ್ಟಗಳತ್ತ ತಿರುಗುತ್ತಾರೆ. ಉತ್ತರದ ಬಾಸೆಲ್ ನಗರದಿಂದ ಹೊರಟು, ಜ್ಯೂರಿಕ್ ಸರೋವರದ ದಂಡೆ ಹಿಡಿದು, ಬೊಲ್ಲಿಂಗೆನ್ ಎಂಬ ಹಳ್ಳಿಯವರೆಗೆ ಹೋಗುವ ದಾರಿ ಅಷ್ಟೇನೂ ಪ್ರಸಿದ್ಧವಲ್ಲ. ಬೆಳಗ್ಗೆ ಹೊರಟರೆ ಸಂಜೆಗೆ ಮುಗಿಯುವ ಪ್ರಯಾಣ. ಆದರೆ ಸಂಬಂಧವಿಲ್ಲದ ಎರಡು ಸಂಗತಿಗಳು ಒಂದೇ ಗಳಿಗೆಯಲ್ಲಿ ಕೂಡಿ ಬಂದಾಗ ಅದಕ್ಕೊಂದು ಅರ್ಥವಿದೆಯೇ ಎಂಬ ಪ್ರಶ್ನೆಯನ್ನು ಈ ದಾರಿಯಲ್ಲಿ ಕೇಳಿದಷ್ಟು ಹಟದಿಂದ ಬೇರೆಲ್ಲಿಯೂ ಯಾರೂ ಕೇಳಿದಂತೆ ಕಾಣುವುದಿಲ್ಲ.

ಪ್ರಶ್ನೆ ನಮಗೇನೂ ಹೊಸದಲ್ಲ. ಕಾಗೆ ಬಂದು ಕುಳಿತುಕೊಳ್ಳುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದದ್ದನ್ನು ಕಂಡ ನಮ್ಮ ಹಿರಿಯರು ಅದಕ್ಕೆ ‘ಕಾಕತಾಳೀಯ’ವೆಂದು ಹೆಸರಿಟ್ಟರು. ಪಾಣಿನಿಯ ಸೂತ್ರಕ್ಕೆ ವೃತ್ತಿ ಬರೆದವರು ಇದರ ಜೊತೆಗೆ ‘ಅಜಾಕೃಪಾಣೀಯ’ವನ್ನೂ ಉದಾಹರಿಸುತ್ತಾರೆ, ಆಡು ಬಂದು ನಿಲ್ಲುವುದಕ್ಕೂ ಕತ್ತಿ ಮೇಲಿಂದ ಬೀಳುವುದಕ್ಕೂ ಸರಿಹೋಯಿತಂತೆ! ಮರವನ್ನು ಕೊರೆಯುವ ಹುಳು ಅರಿಯದೆಯೇ ಅಕ್ಷರವೊಂದನ್ನು ಮೂಡಿಸಿದರೆ ಅದು ಘುಣಾಕ್ಷರ ನ್ಯಾಯ. ಮನೆಮಾತಿನಲ್ಲಿ ಹೇಳುವುದಾದರೆ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೆ. ಆದರೆ ಅದೇ ಹಿರಿಯರು ಬೆಕ್ಕು ಅಡ್ಡಬಂದರೆ ಒಂದು ಗಳಿಗೆ ಕುಳಿತು ಹೊರಟರು. ಹಲ್ಲಿ ಲೊಚಗುಟ್ಟಿದರೆ ಕೃಷ್ಣಾರ್ಪಣವೆಂದರು. ಒಂದು ಕೈಯಲ್ಲಿ ನ್ಯಾಯಶಾಸ್ತ್ರ, ಇನ್ನೊಂದು ಕೈಯಲ್ಲಿ ಶಕುನ. ಈ ಎರಡು ಕೈಗಳೂ ಒಬ್ಬನೇ ಮನುಷ್ಯನವು ಎಂಬುದಕ್ಕೆ ಜ್ಯೂರಿಕ್ ಸರೋವರದ ದಂಡೆಯಲ್ಲಿ ದೊರೆಯುವಷ್ಟು ಒಳ್ಳೆಯ ನಿದರ್ಶನ ದುರ್ಲಭ.

ಬಾಸೆಲ್ ನಗರದಲ್ಲಿ ರೈನ್ ನದಿಯು ಉತ್ತರಕ್ಕೆ ತಿರುಗುತ್ತದೆ. ದಡದ ಎತ್ತರದ ಮೇಲೆ ಕೆಂಪು ಮರಳುಗಲ್ಲಿನ ಪುರಾತನ ಇಗರ್ಜಿ; ಅದರ ಪಕ್ಕದ ಮೌನವಾದ ಮೊಗಸಾಲೆಗಳಲ್ಲಿ ಊರಿನ ಗಣ್ಯರ ಸ್ಮಾರಕಫಲಕಗಳು. ಅವುಗಳಲ್ಲೊಂದು ೧೭೦೫ರಲ್ಲಿ ತೀರಿಕೊಂಡ ಗಣಿತಜ್ಞ ಯಾಕೋಬ್ ಬರ್ನೂಲಿಯದು. ಯದೃಚ್ಛೆಗೂ ಒಂದು ಶಿಸ್ತುಂಟೆಂದು ಸಾಧಿಸಿ ತೋರಿಸಿದ ಮಹಾನುಭಾವ ಇವನು. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏನು ಬೇಕಾದರೂ ಆಗಬಹುದು. ಹತ್ತು ಸಾವಿರ ಸಲ ಚಿಮ್ಮಿದರೆ ಅರ್ಧದಷ್ಟು ರಾಜ, ಅರ್ಧದಷ್ಟು ರಾಣಿ ಎಂಬ ಪ್ರಮಾಣದಿಂದ ಬಹುದೂರ ಸರಿಯುವುದು ಕಷ್ಟ. ಕೇಳುವುದಕ್ಕೆ ಸರಳವಾದ ಈ ಮಾತನ್ನು ಗಣಿತದಿಂದ ಸ್ಥಾಪಿಸಲು ಬರ್ನೂಲಿಗೆ ಇಪ್ಪತ್ತು ವರ್ಷಗಳ ಚಿಂತನೆ ಬೇಕಾಯಿತು. ಗ್ರಂಥ ಅಚ್ಚಾದದ್ದು ಅವನು ಸತ್ತು ಎಂಟು ವರ್ಷಗಳಾದ ಮೇಲೆ, ೧೭೧೩ರಲ್ಲಿ.

ಆ ಫಲಕದಲ್ಲಿ ಒಂದು ಸ್ವಾರಸ್ಯವುಂಟು. ತನಗೆ ಬಲು ಪ್ರಿಯವಾಗಿದ್ದ ಒಂದು ಬಗೆಯ ಸುರುಳಿಯನ್ನು ತನ್ನ ಸಮಾಧಿಯ ಮೇಲೆ ಕೆತ್ತಬೇಕೆಂದು ಬರ್ನೂಲಿ ಬಯಸಿದ್ದ. ಹೊರಹೊರಗೆ ಹೋದಂತೆ ಸುತ್ತುಗಳ ನಡುವಣ ಅಂತರ ಹೆಚ್ಚುತ್ತ ಹೋಗುವ ಸುರುಳಿ ಅದು. ಶಿಲ್ಪಿ ಕೆತ್ತಿದ್ದಾದರೋ ಅಂತರ ಸಮನಾಗಿರುವ ಬೇರೆಯ ಸುರುಳಿಯನ್ನು! ತಪ್ಪಾಯಿತೆಂದು ಹೇಳಬೇಕಾದವನು ಆ ಕಲ್ಲಿನ ಕೆಳಗೆ ಮಲಗಿದ್ದ. ಈ ತಪ್ಪುಗಲ್ಲನ್ನು ಓದುಗರು ನೆನಪಿನಲ್ಲಿಡಬೇಕು; ದಾರಿಯ ಕೊನೆಯಲ್ಲಿ ಇದಕ್ಕೊಂದು ಜೋಡಿ ದೊರೆಯಲಿದೆ.

ಬರ್ನೂಲಿಯ ಹಾದಿಯಲ್ಲಿ ನಡೆದವರು ಕಾಕತಾಳೀಯಗಳ ಬೆರಗನ್ನು ಬಹುಮಟ್ಟಿಗೆ ಇಳಿಸಿಬಿಟ್ಟಿದ್ದಾರೆ. ಮದುವೆಯ ಪಂಕ್ತಿಯೊಂದರಲ್ಲಿ ೨೩ ಜನ ಊಟಕ್ಕೆ ಕುಳಿತಿದ್ದಾರೆಂದು ಭಾವಿಸೋಣ. ಅವರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವವೆಷ್ಟು? ವರ್ಷಕ್ಕೆ ೩೬೫ ದಿನಗಳಿರುವಾಗ ಅತ್ಯಲ್ಪವೆಂದೇ ಯಾರಾದರೂ ಹೇಳುತ್ತಾರೆ. ವಾಸ್ತವವಾಗಿ ಅದು ಅರ್ಧಕ್ಕಿಂತ ತುಸು ಹೆಚ್ಚು! ೨೩ ಜನರನ್ನು ಇಬ್ಬಿಬ್ಬರಾಗಿ ಜೋಡಿಸಿದರೆ ೨೫೩ ಜೋಡಿಗಳಾಗುತ್ತವೆ. ಪ್ರತಿಯೊಂದು ಜೋಡಿಯೂ ಒಂದೊಂದು ಅವಕಾಶ. ನಾವು ಎಣಿಸುವುದು ಜನರನ್ನು, ಎಣಿಸಬೇಕಾದದ್ದು ಜೋಡಿಗಳನ್ನು. ೧೯೮೬ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಒಬ್ಬ ಮಹಿಳೆಗೆ ನಾಲ್ಕೇ ತಿಂಗಳ ಅವಧಿಯಲ್ಲಿ ಎರಡನೆಯ ಬಾರಿ ಲಾಟರಿ ಹೊಡೆದಾಗ, ಇದು ೧೭ ಲಕ್ಷ ಕೋಟಿಗೆ ಒಮ್ಮೆ ಆಗುವಂಥದೆಂದು ಪತ್ರಿಕೆಗಳು ಸಾರಿದವು. ಆ ಮಹಿಳೆಗೇ ಹೀಗಾಗುವ ಸಂಭವ ಅಷ್ಟು ಅಪೂರ್ವವಿರಬಹುದು; ಆದರೆ ಲಾಟರಿ ಕೊಳ್ಳುವ ಕೋಟ್ಯಂತರ ಅಮೆರಿಕನ್ನರಲ್ಲಿ ಯಾರಾದರೊಬ್ಬರಿಗೆ ನಾಲ್ಕು ತಿಂಗಳೊಳಗೆ ಹೀಗಾಗುವ ಸಂಭವ ಮೂವತ್ತರಲ್ಲಿ ಒಂದೆಂದು ಇಬ್ಬರು ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದರು. ಕಾಕತಾಳೀಯಗಳನ್ನು ಅಭ್ಯಾಸಮಾಡುವ ಬಗೆಯನ್ನು ಕುರಿತು ೧೯೮೯ರಲ್ಲಿ ಪರ್ಸಿ ಡಯಾಕೋನಿಸ್ ಮತ್ತು ಫ್ರೆಡರಿಕ್ ಮಾಸ್ಟೆಲ್ಲರ್ ಬರೆದ ಪ್ರಬಂಧದ ತಿರುಳೂ ಇದೇ: ಅವಕಾಶಗಳು ಅಪಾರವಾಗಿದ್ದಲ್ಲಿ ಎಂಥ ವಿಚಿತ್ರವೂ ಎಲ್ಲಾದರೊಂದು ಕಡೆ ನಡೆದೇ ತೀರುತ್ತದೆ. ಮುರಿದ ಕೊಂಬೆಯೊಂದನ್ನು ಕಂಡು ಬೆರಗಾಗುವ ಮೊದಲು, ಕಾಗೆ ಕುಳಿತೂ ಮುರಿಯದ ಕೊಂಬೆಗಳೆಷ್ಟೆಂದು ಎಣಿಸಬೇಕು.

ಬಾಸೆಲ್‌ನಿಂದ ಜ್ಯೂರಿಕ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪಯಣ. ಲಿಮ್ಮಾಟ್ ನದಿಯ ಬಲದಂಡೆಯ ಗುಡ್ಡದ ಮೇಲೆ ಒಂದು ಪುಟ್ಟ ಕೆಂಪು ಬಂಡಿ ಹಳಿಗಳ ಮೇಲೆ ಏರುತ್ತಿಳಿಯುತ್ತಿರುತ್ತದೆ. ಅದು ಕರೆದೊಯ್ಯುವುದು ಅಲ್ಲಿನ ಸುಪ್ರಸಿದ್ಧ ತಾಂತ್ರಿಕ ವಿದ್ಯಾಪೀಠದ ಅಂಗಳಕ್ಕೆ. ಐನ್‌ಸ್ಟೈನ್ ಕಲಿತದ್ದೂ ಕೆಲಕಾಲ ಕಲಿಸಿದ್ದೂ ಇಲ್ಲಿಯೇ. ೧೯೨೮ರಲ್ಲಿ ಇಲ್ಲಿಗೆ ಪ್ರಾಧ್ಯಾಪಕನಾಗಿ ಬಂದವನು ವಿಯೆನ್ನಾದ ವೂಲ್ಫ್‌ಗಾಂಗ್ ಪೌಲಿ. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಆದರೂ ಭೌತವಿಜ್ಞಾನದಲ್ಲಿ ಆಗಲೇ ಹಿರಿಯ ಹೆಸರು. ಪರಮಾಣುವಿನೊಳಗೆ ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರಲಾರವೆಂಬ ಅವನ ನಿಯಮಕ್ಕೆ ಮುಂದೆ ೧೯೪೫ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅನ್ಯರ ತಪ್ಪುಗಳನ್ನು ಕಿಂಚಿತ್ತೂ ದಾಕ್ಷಿಣ್ಯವಿಲ್ಲದೆ ಎತ್ತಿ ತೋರಿಸುತ್ತಿದ್ದುದರಿಂದ ‘ಭೌತವಿಜ್ಞಾನದ ಅಂತಃಸಾಕ್ಷಿ’ ಎಂಬ ಬಿರುದೂ ಅವನಿಗಿತ್ತು.

ಇಂಥ ಕಟ್ಟುನಿಟ್ಟಿನ ಮನುಷ್ಯನ ಬೆನ್ನಿಗೆ ಒಂದು ವಿಲಕ್ಷಣ ಖ್ಯಾತಿ ಅಂಟಿಕೊಂಡಿತು. ಪೌಲಿ ಪ್ರಯೋಗಶಾಲೆಗೆ ಕಾಲಿಟ್ಟರೆ ಸಾಕು, ಅಲ್ಲಿನ ಉಪಕರಣಗಳು ಕೆಡುತ್ತವೆಂದು ಮಿತ್ರರು ಆಡಿಕೊಳ್ಳುತ್ತಿದ್ದರು. ಹ್ಯಾಂಬರ್ಗ್‌ನ ಓಟ್ಟೊ ಸ್ಟರ್ನ್ ಅವನಿಗೆ ತನ್ನ ಪ್ರಯೋಗಶಾಲೆಯ ಪ್ರವೇಶವನ್ನೇ ನಿಷೇಧಿಸಿದ್ದ! ಒಮ್ಮೆ ಗ್ಯೋಟಿಂಗೆನ್ ನಗರದ ಪ್ರಯೋಗಶಾಲೆಯಲ್ಲಿ ಬೆಲೆಬಾಳುವ ಯಂತ್ರವೊಂದು ಕಾರಣವಿಲ್ಲದೆ ಕೆಟ್ಟಿತಂತೆ. ಸದ್ಯ, ಪೌಲಿಯಂತೂ ಊರಲ್ಲಿರಲಿಲ್ಲವೆಂದು ಅಲ್ಲಿನವರು ನಕ್ಕು ಅವನಿಗೆ ಕಾಗದ ಬರೆದರೆ, ಆ ಹೊತ್ತಿಗೆ ಸರಿಯಾಗಿ ಕೋಪನ್‌ಹೇಗನ್ ಕಡೆಗೆ ಹೊರಟಿದ್ದ ತನ್ನ ರೈಲು ಗ್ಯೋಟಿಂಗೆನ್ ನಿಲ್ದಾಣದಲ್ಲಿ ನಿಂತಿತ್ತೆಂದು ಅವನಿಂದ ಉತ್ತರ ಬಂತಂತೆ. ವಿಜ್ಞಾನಿಗಳು ಇಂದಿಗೂ ಹೇಳಿ ನಗುವ ಕಥೆ ಇದು. ಪೌಲಿ ನಡೆದಾಡಿದಲ್ಲಿ ಕೆಡದೆ ಉಳಿದ ಯಂತ್ರಗಳೆಷ್ಟು, ಅವನಿಲ್ಲದಾಗ ಕೆಟ್ಟ ಯಂತ್ರಗಳೆಷ್ಟು ಎಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಅದಕ್ಕಿಂತ ಸೋಜಿಗವೆಂದರೆ, ಎಲ್ಲವನ್ನೂ ಶಂಕಿಸುತ್ತಿದ್ದ ಪೌಲಿಯೇ ಈ ಮಾತನ್ನು ನಂಬಿದ್ದನೆಂದು ಅವನ ಆಪ್ತ ಮಿತ್ರ ಮಾರ್ಕುಸ್ ಫಿಯರ್ಜ್ ಹೇಳಿದ್ದಾನೆ.

ನಗುವಿನ ಹಿಂದೆ ಬೇರೆಯೇ ಕಥೆಯಿತ್ತು. ೧೯೨೭ರಲ್ಲಿ ಪೌಲಿಯ ತಾಯಿ ಆತ್ಮಹತ್ಯೆ ಮಾಡಿಕೊಂಡಳು. ಎರಡು ವರ್ಷಗಳ ಬಳಿಕ ಅವನು ಮಾಡಿಕೊಂಡ ಮದುವೆ ಒಂದು ವರ್ಷ ತುಂಬುವುದರೊಳಗೆ ಮುರಿಯಿತು. ಹಗಲು ನಿಷ್ಠುರ ಗಣಿತ, ರಾತ್ರಿ ಮದ್ಯದಂಗಡಿ. ನಿದ್ರೆಯಲ್ಲಿ ಭಯಂಕರ ಸ್ವಪ್ನಗಳು. ಆ ದಿನಗಳಲ್ಲಿಯೇ, ೧೯೩೦ರ ಡಿಸೆಂಬರ್‌ನಲ್ಲಿ, ಅವನು ಟ್ಯೂಬಿಂಗೆನ್‌ನಲ್ಲಿ ನೆರೆದಿದ್ದ ವಿಜ್ಞಾನಿಗಳಿಗೆ ಒಂದು ಕಾಗದ ಬರೆದ. ಕೆಲವು ಪರಮಾಣುಗಳು ಸಿಡಿಯುವಾಗ ಲೆಕ್ಕಕ್ಕೆ ಸಿಕ್ಕದೆ ಮಾಯವಾಗುವ ಶಕ್ತಿಯನ್ನು, ಯಾರ ಕಣ್ಣಿಗೂ ಬೀಳದ ಒಂದು ಕಣ ಹೊತ್ತೊಯ್ಯುತ್ತಿರಬಹುದು ಎಂಬುದು ಅದರ ಸಾರಾಂಶ. ತಾನೇ ಬಂದು ವಿವರಿಸಲು ಜ್ಯೂರಿಕ್‌ನಲ್ಲಿ ನಡೆಯಲಿದ್ದ ನೃತ್ಯಕೂಟವೊಂದು ಅಡ್ಡಿಯಾಗಿದೆಯೆಂದೂ ಬರೆದಿದ್ದ! ಆ ಕಣವೇ ಮುಂದೆ ನ್ಯೂಟ್ರಿನೋ ಎನಿಸಿತು. ಇನ್ನು ಒಂಟಿಯಾಗಿ ನಿಭಾಯಿಸಲಾಗದೆಂದು ಕಂಡಾಗ ೧೯೩೨ರಲ್ಲಿ ಅವನು ಆಶ್ರಯಿಸಿದ್ದು ಸರೋವರದ ದಂಡೆಯಲ್ಲಿದ್ದ ಒಬ್ಬ ಮನೋವೈದ್ಯನನ್ನು.

ಆ ವೈದ್ಯನ ಊರಿಗೆ ಹೋಗಲು ದೋಣಿಯೇ ಲೇಸು. ನದಿಯು ಸರೋವರದಿಂದ ಹೊರಬೀಳುವೆಡೆಯ ಬಳಿಯಲ್ಲಿಯೇ ಹಡಗುಕಟ್ಟೆ. ನಲವತ್ತು ಕಿಲೋಮೀಟರು ಉದ್ದಕ್ಕೆ ಬಾಳೆಯ ಹಣ್ಣಿನಂತೆ ಬಾಗಿ ಮಲಗಿರುವ ಈ ಸರೋವರದ ಮೇಲೆ ಎರಡು ಹಳೆಯ ಚಕ್ರದ ಉಗಿಹಡಗುಗಳು ಉಳಿದುಕೊಂಡಿವೆ. ಅವುಗಳಲ್ಲಿ ಹಿರಿಯದು ನೀರಿಗಿಳಿದದ್ದು ೧೯೦೯ರಲ್ಲಿ. ವೈದ್ಯ ಕಾರ್ಲ್ ಗುಸ್ಟಾಫ್ ಯೂಂಗ್ ಕ್ಯೂಸ್ನಾಖ್ಟ್ ಗ್ರಾಮದ ತನ್ನ ಹೊಸ ಮನೆಗೆ ಬಂದದ್ದೂ ಅದೇ ವರ್ಷ. ಓದುಗರು ಬಯಸಿದರೆ ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಬಹುದು. ಹಡಗು ಪೂರ್ವದ ದಂಡೆಯನ್ನು ಹಿಡಿದು ಸಾಗಿದರೆ ಮೊದಲು ಸಿಗುವುದು ಪೌಲಿ ಮನೆ ಮಾಡಿಕೊಂಡಿದ್ದ ಝೊಲ್ಲಿಕೊನ್. ಅದನ್ನು ದಾಟಿದೊಡನೆಯೇ ಕ್ಯೂಸ್ನಾಖ್ಟ್. ಸಂಜೆಯ ಬಿಸಿಲು ಕೊನೆಯವರೆಗೂ ಬೀಳುವ ಈ ದಂಡೆಗೆ ‘ಬಂಗಾರದ ದಂಡೆ’ಯೆಂದು ಹೆಸರು. ಇಲ್ಲಿನ ನಿವಾಸಿಗಳ ಐಶ್ವರ್ಯವೂ ಆ ಹೆಸರಿಗೆ ಒಪ್ಪುವಂತಿದೆ.

ನೀರಿನ ಅಂಚಿನಲ್ಲಿ ತೋಟದ ನಡುವೆ ಯೂಂಗ್‌ನ ಮನೆ. ಬಾಗಿಲ ಮೇಲೆ, ಕರೆದರೂ ಕರೆಯದಿದ್ದರೂ ದೇವರು ಅಲ್ಲಿರುವನೆಂಬ ಅರ್ಥದ ಲ್ಯಾಟಿನ್ ಬರಹ. ೨೦೧೮ರಿಂದ ಈ ಮನೆ ವಸ್ತುಸಂಗ್ರಹಾಲಯವಾಗಿ ತೆರೆದಿದೆ. ಬಾಸೆಲ್‌ನಲ್ಲಿ ವೈದ್ಯವಿದ್ಯೆ ಕಲಿತ ಈತನಿಗೆ ನಮ್ಮ ನಾಡಿನ ಪರಿಚಯವೂ ಇತ್ತು. ೧೯೩೭ರ ಕೊನೆಯಲ್ಲಿ ಭಾರತಕ್ಕೆ ಬಂದವನು ಮೈಸೂರು ಮಹಾರಾಜರ ಅತಿಥಿಯಾಗಿ ಕೆಲವು ದಿನ ಉಳಿದು, ಅಲ್ಲಿನ ವೇದಾಂತ ವಿದ್ವಾಂಸರಾದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ದೀರ್ಘವಾಗಿ ಚರ್ಚಿಸಿದ್ದನ್ನು ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾನೆ.

ಯೂಂಗ್‌ನ ಬಳಿ ಒಬ್ಬ ತರುಣಿ ಚಿಕಿತ್ಸೆಗೆ ಬರುತ್ತಿದ್ದಳು. ವಿದ್ಯಾವಂತೆ, ಎಲ್ಲಕ್ಕೂ ತರ್ಕದ ಉತ್ತರ ಸಿದ್ಧವಾಗಿರುತ್ತಿದ್ದುದರಿಂದ ಚಿಕಿತ್ಸೆ ಒಂದು ಹೆಜ್ಜೆಯೂ ಮುಂದೆ ಸಾಗುತ್ತಿರಲಿಲ್ಲ. ಒಂದು ದಿನ ಅವಳು ತನ್ನ ಕನಸನ್ನು ಹೇಳುತ್ತ ಕುಳಿತಿದ್ದಳು: ಯಾರೋ ಅವಳಿಗೆ ಬಂಗಾರದ ಜೀರುಂಡೆಯ ಆಭರಣವೊಂದನ್ನು ಕೊಟ್ಟಂತೆ ಕನಸು. ಅಷ್ಟರಲ್ಲಿ ಯೂಂಗ್‌ನ ಬೆನ್ನ ಹಿಂದಣ ಕಿಟಕಿಯ ಗಾಜಿಗೆ ಏನೋ ಬಡಿಯುವ ಸದ್ದು. ತೆರೆದು ನೋಡಿದರೆ, ಹೊನ್ನಿನ ಛಾಯೆಯ ಹಸಿರು ಜೀರುಂಡೆಯೊಂದು ಒಳಗೆ ನುಗ್ಗಿತು! ಯೂಂಗ್ ಅದನ್ನು ಗಾಳಿಯಲ್ಲಿಯೇ ಹಿಡಿದು, ಇಗೋ ನಿನ್ನ ಜೀರುಂಡೆಯೆಂದು ಅವಳ ಕೈಗೆ ಕೊಟ್ಟ. ಆ ಕ್ಷಣದಲ್ಲಿ ಅವಳ ತರ್ಕದ ಗೋಡೆ ಬಿರುಕುಬಿಟ್ಟಿತು, ಚಿಕಿತ್ಸೆ ಮುಂದುವರಿಯಿತು ಎಂದು ಅವನು ಬರೆದಿದ್ದಾನೆ.

ಬರ್ನೂಲಿಯ ವಂಶದವರು ಇಲ್ಲಿ ಸುಮ್ಮನಿರುವುದಿಲ್ಲ. ಗುಲಾಬಿ ಜೀರುಂಡೆಯೆಂಬ ಈ ಕೀಟ ಆ ಸೀಮೆಯ ತೋಟಗಳಲ್ಲಿ ಬೇಸಗೆಯಲ್ಲಿ ಹೇರಳ. ಯೂಂಗ್ ತನ್ನ ಆಯುಷ್ಯದಲ್ಲಿ ಕೇಳಿದ ಕನಸುಗಳು ಅಸಂಖ್ಯಾತ. ಕನಸಿನಲ್ಲಿ ಹುಲಿ ಬಂದು, ಕಿಟಕಿಯಲ್ಲಿ ಏನೂ ಬಾರದ ದಿನಗಳ ಕಥೆಯನ್ನು ಯಾರೂ ಬರೆಯುವುದಿಲ್ಲ. ಈ ಆಕ್ಷೇಪವೆಲ್ಲ ಸರಿಯೇ. ಆದರೂ ಒಂದು ಮಾತು ಉಳಿಯುತ್ತದೆ. ಆ ತರುಣಿಗೆ ಜೀರುಂಡೆ ಬೇಕಾಗಿತ್ತು, ಅದು ಬಂತು, ಅವಳ ಬಾಳು ತಿರುಗಿತು. ಇದರಲ್ಲಿ ಕೀಟದ ಪಾಲೆಷ್ಟು, ತಕ್ಕ ಗಳಿಗೆಯಲ್ಲಿ ಕಿಟಕಿ ತೆರೆದ ವೈದ್ಯನ ಪಾಲೆಷ್ಟು ಎಂಬುದನ್ನು ಯಾವ ಸಂಖ್ಯಾಶಾಸ್ತ್ರವೂ ವಿಂಗಡಿಸಿ ಕೊಡಲಾರದು.

ಯೂಂಗ್ ತೀರ ಭೋಳೆಯವನೇನೂ ಅಲ್ಲ. ೧೯೪೯ರ ಏಪ್ರಿಲ್ ೧ರಂದು ಅವನ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಮೀನು. ಮಾತಿನ ನಡುವೆ ಯಾರೋ ‘ಏಪ್ರಿಲ್ ಮೀನು’ ಎಂಬ ಮೂರ್ಖರ ದಿನದ ವಾಡಿಕೆಯನ್ನು ಎತ್ತಿದರು. ಮಧ್ಯಾಹ್ನ ಹಳೆಯ ರೋಗಿಯೊಬ್ಬಳು ಮೀನಿನ ಚಿತ್ರಗಳನ್ನು ತಂದು ತೋರಿಸಿದಳು. ಸಂಜೆ ಕಂಡ ಕಸೂತಿಯಲ್ಲಿ ಮೀನಿನಂಥ ಜಲಚರಗಳು. ಮಾರನೆಯ ಬೆಳಗ್ಗೆ ಇನ್ನೊಬ್ಬಳ ಕನಸಿನಲ್ಲಿ ದೊಡ್ಡದೊಂದು ಮೀನು! ಆಗ ಅವನು ಅಭ್ಯಾಸ ಮಾಡುತ್ತಿದ್ದುದೂ ಮೀನಿನ ಸಂಕೇತವನ್ನೇ. ಆದರೂ ಅಂದು ಶುಕ್ರವಾರ, ಆ ದಿನ ಮೀನು ಉಣ್ಣುವುದು ವಾಡಿಕೆ ಎಂಬುದನ್ನು ಅವನೇ ಎತ್ತಿ ಹೇಳಿ, ಇದು ಯದೃಚ್ಛೆಯ ಸರಣಿಯಿರಬಹುದೆಂದು ಒಪ್ಪಿಕೊಂಡ. ಅವನಿಗಿಂತ ಮೊದಲು ವಿಯೆನ್ನಾದ ಜೀವವಿಜ್ಞಾನಿ ಪೌಲ್ ಕಾಮ್ಮೆರರ್ ಉದ್ಯಾನಗಳ ಬೆಂಚುಗಳ ಮೇಲೆ ಗಂಟೆಗಟ್ಟಲೆ ಕುಳಿತು, ಹೋಗುವ ಬರುವವರಲ್ಲಿ ಕೊಡೆ ಹಿಡಿದವರೆಷ್ಟು, ಟೊಪ್ಪಿ ಧರಿಸಿದವರೆಷ್ಟು ಎಂದು ಎಣಿಸಿ, ೧೯೧೯ರಲ್ಲಿ ‘ಸರಣಿಯ ನಿಯಮ’ವೆಂಬ ಗ್ರಂಥವನ್ನೇ ಬರೆದಿದ್ದ. ಮಳೆ ಬಂದಾಗ ಕೊಡೆಗಳು ಒಟ್ಟಿಗೆ ಬರುವುದರಲ್ಲಿ ಬೆರಗಿಲ್ಲವೆಂದು ಅವನಿಗೂ ಗೊತ್ತಿತ್ತು. ಅಂಥ ಕಾರಣಗಳನ್ನೆಲ್ಲ ಕಳೆದ ಮೇಲೂ ಏನೋ ಉಳಿಯುತ್ತದೆಂಬುದು ಅವನ ಛಲ.

ಪೌಲಿ ಈ ಮನೆಗೆ ಬಂದಾಗ ಯೂಂಗ್ ತಾನೇ ಚಿಕಿತ್ಸೆಗೆ ತೊಡಗದೆ, ಹೊಸಬಳಾದ ಒಬ್ಬ ಶಿಷ್ಯೆಯ ಬಳಿಗೆ ಕಳುಹಿಸಿದ. ತನ್ನ ಪ್ರಭಾವ ತಗಲದೆ ಆ ಕನಸುಗಳು ತಾವಾಗಿ ಬರಲೆಂಬುದು ಉದ್ದೇಶ. ಸಾವಿರಕ್ಕೂ ಮಿಕ್ಕ ಕನಸುಗಳು ಹೀಗೆ ದಾಖಲಾದವು. ಪೌಲಿ ಚೇತರಿಸಿಕೊಂಡು ೧೯೩೪ರಲ್ಲಿ ಮತ್ತೆ ಮದುವೆಯಾದ. ಈ ಸಲದ ದಾಂಪತ್ಯ ಕೊನೆಯವರೆಗೂ ಬಾಳಿತು. ವೈದ್ಯ ಮತ್ತು ರೋಗಿ ಕ್ರಮೇಣ ಮಿತ್ರರಾದರು. ೧೯೪೮ರ ಏಪ್ರಿಲ್‌ನಲ್ಲಿ ಯೂಂಗ್‌ನ ಹೆಸರಿನ ಸಂಸ್ಥೆಯ ಉದ್ಘಾಟನೆಗೆ ಪೌಲಿ ಬಂದಾಗ ಚೀನೀ ಹೂದಾನಿಯೊಂದು ಉರುಳಿ ನೀರು ಚೆಲ್ಲಿತು. ನಾಲ್ಕು ವರ್ಷಗಳ ಬಳಿಕ, ೧೯೫೨ರಲ್ಲಿ, ಇಬ್ಬರ ಪ್ರಬಂಧಗಳೂ ಒಂದೇ ಸಂಪುಟವಾಗಿ ಪ್ರಕಟಗೊಂಡವು. ಕಾರ್ಯಕಾರಣಗಳ ಸರಪಳಿಯಿಲ್ಲದೆ ಅರ್ಥವೊಂದರಿಂದಲೇ ಎರಡು ಘಟನೆಗಳು ಹೆಣೆದುಕೊಳ್ಳಬಲ್ಲವೆಂಬ ‘ಸಿಂಕ್ರೊನಿಸಿಟಿ’ಯ ತತ್ತ್ವವನ್ನು ಯೂಂಗ್ ಮಂಡಿಸಿದ್ದು ಅದರಲ್ಲಿಯೇ.

ಆ ಪ್ರಬಂಧದಲ್ಲಿ ನಮ್ಮವರಿಗೆ ತೀರ ಪರಿಚಿತವೆನಿಸುವ ಒಂದು ಪರೀಕ್ಷೆಯುಂಟು: ದಂಪತಿಗಳ ಜಾತಕ ಹೊಂದಿಸಿ ನೋಡುವುದು! ೧೮೦ ದಂಪತಿಗಳ ಮೊದಲ ಗುಂಪಿನಲ್ಲಿ, ಹಳೆಯ ಜ್ಯೋತಿಷ್ಯದಲ್ಲಿ ಹೇಳಿರುವಂತೆಯೇ, ಹೆಂಡತಿಯ ಚಂದ್ರನೂ ಗಂಡನ ಸೂರ್ಯನೂ ಕೂಡಿರುವ ಯೋಗ ಎಲ್ಲಕ್ಕಿಂತ ಮುಂದೆ ನಿಂತಿತು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಆದರೆ ೨೨೦ ದಂಪತಿಗಳ ಎರಡನೆಯ ಗುಂಪಿನಲ್ಲಿ ಮುಂದೆ ಬಂದದ್ದು ಬೇರೆ ಯೋಗ. ೮೩ರ ಮೂರನೆಯದರಲ್ಲಿ ಇನ್ನೊಂದು. ೪೮೩ ದಂಪತಿಗಳನ್ನೂ ಒಟ್ಟುಗೂಡಿಸಿದಾಗ ಎಲ್ಲವೂ ಯದೃಚ್ಛೆಯ ಮಟ್ಟಕ್ಕೆ ಕರಗಿಹೋಯಿತು. ಲೆಕ್ಕ ಹಾಕಿ ಕೊಟ್ಟವನು ಬಾಸೆಲ್‌ನ ಪ್ರಾಧ್ಯಾಪಕನಾದ ಅದೇ ಮಾರ್ಕುಸ್ ಫಿಯರ್ಜ್. ಇನ್ನೂರೈವತ್ತು ವರ್ಷಗಳ ಬಳಿಕ ಬರ್ನೂಲಿಯ ಊರಿನಿಂದಲೇ ಉತ್ತರ ಬಂದಂತಾಯಿತು. ಅಂಕಿಗಳು ಏನನ್ನೂ ಸಾಧಿಸಲಿಲ್ಲವೆಂದು ಯೂಂಗ್ ಒಪ್ಪಿಕೊಂಡ. ಒಪ್ಪಿಕೊಂಡು, ಮೂರು ಸಲವೂ ಚಂದ್ರನ ಯೋಗಗಳೇ ಮುಂದೆ ಬಂದದ್ದರಲ್ಲಿ ಪರೀಕ್ಷಿಸುವವರ ಆಸೆಗೆ ತಕ್ಕ ಅರ್ಥವೊಂದು ಮಿಂಚಿತೆಂದು ಸೇರಿಸಿದ. ಇದು ಸೋತ ಪಗಡೆಯನ್ನು ಗೆಲುವೆಂದು ಬರೆದುಕೊಂಡಂತೆ. ಇಲ್ಲಿ ಅವನೊಡನೆ ಹೆಜ್ಜೆ ಹಾಕುವುದು ಕಷ್ಟ.

ಕ್ಯೂಸ್ನಾಖ್ಟ್ ದಾಟಿ ಹಡಗು ಆಗ್ನೇಯಕ್ಕೆ ಸಾಗುತ್ತದೆ. ಇಳಿಜಾರಿನ ಮೇಲೆ ದ್ರಾಕ್ಷಿತೋಟಗಳು, ಚೂಪು ಶಿಖರದ ಇಗರ್ಜಿಗಳು, ದೂರದಲ್ಲಿ ಗ್ಲಾರುಸ್ ಸೀಮೆಯ ಹಿಮ. ಗುಲಾಬಿಗಳ ಊರೆಂದು ಹೆಸರಾದ ರಾಪರ್ಸ್ವಿಲ್‌ನಲ್ಲಿ ಒಂದು ಸೇತುದಾರಿ ಸರೋವರವನ್ನು ಎರಡಾಗಿ ಸೀಳುತ್ತದೆ. ಅದರಾಚೆಯ ಮೇಲಣ ಸರೋವರದಲ್ಲಿ ಗದ್ದಲ ಕಡಿಮೆ, ಜೊಂಡು ಹೆಚ್ಚು. ಅಲ್ಲಿ ಉತ್ತರದ ದಂಡೆಯ ಮರಗಳ ಸಂದಿನಲ್ಲಿ ಬಾಲರ ಚಿತ್ರಪುಸ್ತಕದಿಂದ ಎದ್ದು ಬಂದಂಥ ಗೋಪುರಗಳು ಕಾಣುತ್ತವೆ. ಅದೇ ಬೊಲ್ಲಿಂಗೆನ್. ೧೯೨೩ರಲ್ಲಿ ತಾಯಿ ತೀರಿಕೊಂಡ ಮೇಲೆ ಯೂಂಗ್ ಕಟ್ಟಲಾರಂಭಿಸಿ, ೧೯೫೬ರವರೆಗೂ ಆಗಾಗ ಬೆಳೆಸುತ್ತ ಹೋದ ಏಕಾಂತದ ಮನೆ. ವಿದ್ಯುತ್ತನ್ನು ತಾರದೆ, ಸೌದೆ ಒಡೆದು ಒಲೆ ಹೊತ್ತಿಸಿ ಅಲ್ಲಿ ಇರುತ್ತಿದ್ದ. ಇಂದಿಗೂ ಅದು ಕುಟುಂಬದವರ ಸ್ವತ್ತು; ಹೊರಗಿನವರು ನೀರಿನ ಮೇಲಿಂದ ನೋಡಿ ತೃಪ್ತರಾಗಬೇಕು.

೧೯೫೦ರಲ್ಲಿ ಇಲ್ಲಿನ ತೋಟದ ಗೋಡೆಗೆ ಕಲ್ಲು ಬೇಕಾಯಿತು. ಕಲ್ಲುಕುಟಿಗ ಪ್ರತಿಯೊಂದು ಕಲ್ಲಿನ ಅಳತೆಯನ್ನೂ ಗಣಿಯವನಿಗೆ ಬರೆಸಿ ಕೊಟ್ಟಿದ್ದ. ದೋಣಿಯಲ್ಲಿ ಕಲ್ಲುಗಳು ಬಂದಾಗ ನೋಡಿದರೆ, ಮೂಲೆಗೆ ಬೇಕಾಗಿದ್ದ ಮುಮ್ಮೂಲೆಯ ಕಲ್ಲಿನ ಬದಲು ಭಾರಿ ಚಚ್ಚೌಕದ ದಿಮ್ಮಿಯೊಂದು ಬಂದಿದೆ! ಕ್ರುದ್ಧನಾದ ಕುಟಿಗ ಇದನ್ನು ಹಿಂದಕ್ಕೆ ಒಯ್ಯಿರೆಂದು ದೋಣಿಯವರ ಮೇಲೆ ಕೂಗಾಡುತ್ತಿದ್ದ. ಯೂಂಗ್ ಓಡಿಬಂದು, ಇಲ್ಲ, ಇದು ನನ್ನ ಕಲ್ಲು, ಇದೇ ನನಗೆ ಬೇಕೆಂದು ಇಳಿಸಿಕೊಂಡ. ಎಪ್ಪತ್ತೈದು ತುಂಬಿದ ಆ ವರ್ಷ ಅದರ ಮೈಮೇಲೆ ತಾನೇ ಗ್ರೀಕ್ ಮತ್ತು ಲ್ಯಾಟಿನ್ ನುಡಿಗಳನ್ನೂ, ದೀಪ ಹಿಡಿದ ಒಂದು ಪುಟ್ಟ ಮೂರ್ತಿಯನ್ನೂ ಕೆತ್ತಿದ. ಬಾಸೆಲ್‌ನ ಸುರುಳಿಯ ಜೋಡಿ ಇದು. ಯದೃಚ್ಛೆಯ ನಿಯಮ ಬರೆದವನ ಗೋರಿಗೂ ತಪ್ಪುಗಲ್ಲು, ಯದೃಚ್ಛೆಗೆ ಅರ್ಥ ಹುಡುಕಿದವನ ಅಂಗಳಕ್ಕೂ ತಪ್ಪುಗಲ್ಲು. ಒಬ್ಬನದು ಇಂದಿಗೂ ತಪ್ಪಾಗಿಯೇ ಉಳಿದಿದೆ. ಇನ್ನೊಬ್ಬನದು ತಪ್ಪೆಂದು ಈಗ ಯಾರಿಗೂ ತೋರುವುದಿಲ್ಲ.

ಹಿಂದಿರುಗುವ ಹಡಗಿನಲ್ಲಿ, ಗುಡ್ಡದ ಮೇಲೆ ದೀಪಗಳು ಹೊತ್ತುವ ವೇಳೆಗೆ, ಪೌಲಿಯ ಕಥೆಯ ಉಳಿದ ಭಾಗವನ್ನು ಹೇಳಬೇಕು. ಭೌತವಿಜ್ಞಾನಿಗಳಿಗೆ ಕಾಕತಾಳೀಯವೆಂಬುದು ಬರಿಯ ಬೆರಗಲ್ಲ, ಒಂದು ಉಪಕರಣ. ಬರ್ಲಿನ್‌ನ ವಾಲ್ಟರ್ ಬೋಥೆ ೧೯೨೪ರ ಸುಮಾರಿಗೆ ಹಾನ್ಸ್ ಗೈಗರ್‌ನೊಡನೆ ಸೇರಿ ಇದನ್ನು ರೂಢಿಗೆ ತಂದ. ಈ ಕ್ರಮಕ್ಕಾಗಿ ಅವನಿಗೆ ೧೯೫೪ರಲ್ಲಿ ನೊಬೆಲ್ ದೊರೆಯಿತು. ಅಣುಕಿರಣಗಳನ್ನು ಎಣಿಸುವ ಎರಡು ಯಂತ್ರಗಳನ್ನು ಬೇರೆಬೇರೆಯಾಗಿ ಇರಿಸಿ, ಎರಡೂ ಒಂದೇ ಗಳಿಗೆಯಲ್ಲಿ ಮಿಡಿದರೆ ಮಾತ್ರ ಗುರುತು ಹಾಕಿಕೊಳ್ಳುವುದು. ಹಾಗಾದರೆ ಕಾಗೆ, ಕೊಂಬೆಯಂತೆ ಆಕಸ್ಮಿಕವಾಗಿಯೂ ಅವು ಒಟ್ಟಿಗೆ ಮಿಡಿಯಬಹುದಲ್ಲ? ಮಿಡಿಯುತ್ತವೆ. ಒಂದೊಂದು ಯಂತ್ರವೂ ಸೆಕೆಂಡಿಗೆ ಹತ್ತು ಸಲ ಮಿಡಿಯುತ್ತಿದ್ದು, ‘ಒಂದೇ ಗಳಿಗೆ’ಯೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗವೆಂದು ಇಟ್ಟುಕೊಂಡರೆ, ಹತ್ತು ಸೆಕೆಂಡಿಗೆ ಒಂದೆರಡು ಸಲ ಅವು ಸುಮ್ಮಸುಮ್ಮನೆ ಜೊತೆಯಾಗುತ್ತವೆ. ಮೊದಲು ಈ ಪೊಳ್ಳು ಜೋಡಿಗಳನ್ನು ಎಣಿಸಿ ಕಳೆಯಬೇಕು. ಅದರ ಮೇಲೆ ಉಳಿದರೆ, ಎರಡನ್ನೂ ಹಾಯ್ದುಹೋದ ಒಂದೇ ಕಣವುಂಟೆಂದು ತಿಳಿಯಬೇಕು. ಯೂಂಗ್‌ನ ಕಿಟಕಿಯಲ್ಲಿ ನಡೆಯದೆ ಹೋದ ಲೆಕ್ಕ ಇದೇ.

ತನ್ನ ಕಣವನ್ನು ಯಾರೂ ಎಂದಿಗೂ ಹಿಡಿಯಲಾರರೆಂದು ಪೌಲಿ ಪೇಚಾಡಿಕೊಂಡಿದ್ದ. ೧೯೫೬ರಲ್ಲಿ ಅಮೆರಿಕದ ಸವಾನ್ನಾ ನದಿಯ ಬಳಿಯ ಪರಮಾಣು ಸ್ಥಾವರದಲ್ಲಿ ಫ್ರೆಡರಿಕ್ ರೈನಸ್ ಮತ್ತು ಕ್ಲೈಡ್ ಕೋವನ್ ಅದನ್ನು ಹಿಡಿದದ್ದು ಈ ಕ್ರಮದಿಂದಲೇ: ಒಂದು ಮಿಂಚು, ಸೆಕೆಂಡಿನ ಕೆಲವೇ ಲಕ್ಷಾಂಶಗಳ ಬಳಿಕ ಇನ್ನೊಂದು ಮಿಂಚು; ಎರಡೂ ಜೊತೆಯಾಗಿ ಬಂದರೆ ನ್ಯೂಟ್ರಿನೋ ಬಂದಿತ್ತೆಂದು ಅರ್ಥ. ಸ್ಥಾವರವನ್ನು ನಿಲ್ಲಿಸಿದಾಗ ಆ ಜೋಡಿಮಿಂಚುಗಳೂ ಇಳಿದವು. ಜೂನ್ ತಿಂಗಳಲ್ಲಿ ಪೌಲಿಗೆ ತಂತಿ ಬಂತು. ಕಾಕತಾಳೀಯದ ಅರ್ಥವನ್ನು ಕನಸುಗಳಲ್ಲಿ ಅರಸಿದವನ ಅತಿ ದೊಡ್ಡ ಊಹೆ ನಿಜವಾದದ್ದು, ಕಾಕತಾಳೀಯವನ್ನು ಯಂತ್ರಕ್ಕೆ ಕಟ್ಟಿ ಎಣಿಸಿದವರಿಂದ.

ಈ ಕಥೆಯ ಒಂದು ಎಳೆ ಕೋಲಾರಕ್ಕೂ ಬಂದಿದೆ. ಮುಗಿಲಿನಾಚೆಯಿಂದ ಬರುವ ಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸುವ ನ್ಯೂಟ್ರಿನೋಗಳನ್ನು ಹಿಡಿಯಲು ಭೂಮಿಯ ಬಹು ಆಳಕ್ಕೆ ಇಳಿಯಬೇಕು. ಅಲ್ಲದಿದ್ದರೆ ಬೇರೆ ಕಣಗಳ ಗದ್ದಲದಲ್ಲಿ ಅವು ಅಡಗಿಹೋಗುತ್ತವೆ. ಬೆಂಗಳೂರಿನಿಂದ ನೂರು ಕಿಲೋಮೀಟರು ದೂರದ ಚಿನ್ನದ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್‌ಹ್ಯಾಮ್‌ನ ವಿಜ್ಞಾನಿಗಳೊಡನೆ ಸೇರಿ ಎದುರುಬದುರಾಗಿ ಯಂತ್ರಗಳ ಗೋಡೆಗಳನ್ನು ಕಟ್ಟಿ, ಎರಡೂ ಒಟ್ಟಿಗೆ ಮಿಡಿಯುವುದನ್ನು ಕಾದು ಕುಳಿತರು. ತಿಂಗಳುಗಟ್ಟಲೆ ಕಾದರೆ ಬೆರಳೆಣಿಕೆಯ ಮಿಡಿತಗಳು. ೧೯೬೫ರಲ್ಲಿ ಕಣ ಸಿಕ್ಕಿತು. ಆ ವರ್ಷವೇ, ಕೆಲವೇ ವಾರಗಳ ಅಂತರದಲ್ಲಿ, ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಿಂದಲೂ ಅದೇ ಸುದ್ದಿ ಪ್ರಕಟವಾಯಿತು! ಎರಡು ಖಂಡ, ಎರಡು ಚಿನ್ನದ ಗಣಿ, ಒಂದೇ ವರ್ಷ. ಬೆರಗಿಗೆ ಕಾರಣವಿಲ್ಲ, ಅಷ್ಟು ಆಳಕ್ಕೆ ಮನುಷ್ಯ ತೋಡಿದ್ದು ಬಹುಮಟ್ಟಿಗೆ ಚಿನ್ನದ ಆಸೆಗಾಗಿಯೇ. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದವು.

ಪೌಲಿ ಆ ಸುದ್ದಿ ಕೇಳಲು ಉಳಿದಿರಲಿಲ್ಲ. ಪರಮಾಣುಗಳು ಬೆಳಕಿನೊಡನೆ ಎಷ್ಟು ಬಲವಾಗಿ ವ್ಯವಹರಿಸುತ್ತವೆಂಬುದನ್ನು ಅಳೆಯುವ ಒಂದು ಸಂಖ್ಯೆಯುಂಟು. ಅವನ ಗುರು ಸಾಮ್ಮರ್‌ಫೆಲ್ಡ್ ೧೯೧೬ರಲ್ಲಿ ಬಳಕೆಗೆ ತಂದದ್ದು. ಬೆಲೆ ೧೩೭ರಲ್ಲಿ ಒಂದು ಅಂಶಕ್ಕೆ ಬಹು ಸಮೀಪ. ಇದು ೧೩೭ ಏಕೆ, ಬೇರೆ ಏಕಲ್ಲ ಎಂಬುದಕ್ಕೆ ಉತ್ತರ ಅಂದಿಗೂ ಇರಲಿಲ್ಲ, ಇಂದಿಗೂ ಇಲ್ಲ. ಇಂಗ್ಲೆಂಡಿನ ಎಡಿಂಗ್ಟನ್ ಮೊದಲು ೧೩೬ ಎಂದು ತರ್ಕದಿಂದಲೇ ಸಾಧಿಸಿ, ಅಳತೆ ಬದಲಾದೊಡನೆ ಒಂದನ್ನು ಕೂಡಿಸಿ ನಗೆಗೀಡಾದ. ಪೌಲಿಯನ್ನು ಈ ಪ್ರಶ್ನೆ ಆಯುಷ್ಯವಿಡೀ ಕಾಡಿತು.

೧೯೫೮ರ ಡಿಸೆಂಬರ್ ಆರಂಭದಲ್ಲಿ ಪಾಠ ಹೇಳುತ್ತಿದ್ದಾಗ ಅವನಿಗೆ ಹೊಟ್ಟೆಯಲ್ಲಿ ಅಸಾಧ್ಯ ನೋವು ಕಾಣಿಸಿಕೊಂಡು, ನಗರದ ರೆಡ್ ಕ್ರಾಸ್ ಆಸ್ಪತ್ರೆಗೆ ಸೇರಿಸಿದರು. ನೋಡಲು ಬಂದ ಸಹಾಯಕ ಚಾರ್ಲ್ಸ್ ಎಂಜ್‌ನನ್ನು ಪೌಲಿ ಕೇಳಿದ ಪ್ರಶ್ನೆ, ಕೊಠಡಿಯ ಸಂಖ್ಯೆಯನ್ನು ನೋಡಿದೆಯಾ ಎಂದು. ಎಂಜ್ ಗಮನಿಸಿರಲಿಲ್ಲ. ಅದು ೧೩೭. ಇಲ್ಲಿಂದ ತಾನು ಜೀವಸಹಿತ ಹೊರಗೆ ಬರುವುದಿಲ್ಲವೆಂದು ಪೌಲಿ ಹೇಳಿದ. ಶಸ್ತ್ರಚಿಕಿತ್ಸೆಯಲ್ಲಿ ಮೇದೋಜೀರಕ ಗ್ರಂಥಿಯ ಅರ್ಬುದ ಬಹಳ ಬೆಳೆದಿರುವುದು ಕಂಡುಬಂತು. ಡಿಸೆಂಬರ್ ೧೫ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ಅವನು ಆ ಕೊಠಡಿಯಲ್ಲಿಯೇ ತೀರಿಕೊಂಡ.

ಪ್ರಕೃತಿಯ ಸಂಖ್ಯೆ ಪೂರ್ಣಾಂಕವಲ್ಲ. ಅದು ೧೩೭ಕ್ಕಿಂತ ತುಸು ಹೆಚ್ಚು, ದಶಾಂಶದಲ್ಲಿ ೧೩೭.೦೩೬. ಆ ಓಣಿಯಲ್ಲಿ ೧೩೬ ಎಂಬ ಬಾಗಿಲಿನ ಹಿಂದೆಯೂ ೧೩೮ ಎಂಬ ಬಾಗಿಲಿನ ಹಿಂದೆಯೂ ರೋಗಿಗಳು ಮಲಗಿದ್ದಿರಬೇಕು. ಇದೆಲ್ಲವನ್ನೂ ಹಾಸಿಗೆಯಲ್ಲಿದ್ದವನಷ್ಟು ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ.